ಮರೆತವನ ಹೊಣೆ

ಗಂಡಸಿನ ಮರೆವು ನಮ್ಮ ಮನೆಗಳಲ್ಲಿ ಎಂದೂ ಹಳತಾಗದ ನಗೆಯ ಸರಕು. ಗ್ಯಾಸ್ ಬುಕ್ ಮಾಡುವುದನ್ನು ಮರೆತವನು, ಮಗಳದು ಯಾವ ಸೆಕ್ಷನ್ ಎಂದು ಯಾರಾದರೂ ಕೇಳಿದರೆ ಹೆಂಡತಿಯ ಮುಖ ನೋಡುವವನು, ಕೊತ್ತಂಬರಿ ಸೊಪ್ಪಿಗೆ ಕಳಿಸಿದರೆ ಪುದೀನ ಹಿಡಿದು ಬರುವವನು, ಎಲ್ಲರಿಗೂ ಒಂದೇ ತೀರ್ಪು: ‘ತಲೆಯಲ್ಲಿ ಮಿದುಳು ಅಂತ ಒಂದಿದ್ದರೆ ತಾನೇ!’ ಅತ್ತೆ ಸೊಸೆ ಇಬ್ಬರೂ ಸೇರಿ ನಗುವ ಅಪರೂಪದ ಗಳಿಗೆಗಳಲ್ಲಿ ಇದೂ ಒಂದು. ಆತನೂ ನಗುತ್ತಾನೆ, ಆ ನಗೆಯಿಂದ ಅವನಿಗೆ ನಷ್ಟವೇನೂ ಇಲ್ಲವಲ್ಲ. ಮದುವೆಯಾದ ಮೇಲೆ ಗಂಡಸರ ಮಿದುಳು ಕುಗ್ಗುತ್ತದೆ ಎಂಬ ಮಾತು ವಾಟ್ಸ್‌ಆ್ಯಪಿನಲ್ಲಿ ಸುತ್ತುತ್ತಿರುತ್ತದೆ. ವಯಸ್ಸು ಏರಿದವರಿಗಂತೂ ಗಾದೆಯೇ ಇದೆ, ಅರವತ್ತಕ್ಕೆ ಅರಳುಮರಳು. ಇಂಥದೇ ಒಂದು ಮನೆಗೆ ಯಾವತ್ತೋ ಸ್ಕ್ಯಾನಿಂಗ್ ಸೆಂಟರಿನಿಂದ ಲಕೋಟೆ ಬರುತ್ತದೆ. ರಿಪೋರ್ಟಿನ ಕೊನೆಯ ಸಾಲಿನಲ್ಲಿ ‘ಸೆರೆಬ್ರಲ್ ಅಟ್ರೋಫಿ’ ಎಂದಿರುತ್ತದೆ. ಅರ್ಥ ಅದೇ, ಮಿದುಳು ಕುಗ್ಗಿದೆ ಎಂದು. ಈಗ ಯಾರೂ ನಗುವುದಿಲ್ಲ. ತಮಾಷೆಗೂ ರೋಗಕ್ಕೂ ಹೀಗೆ ಒಂದೇ ಮಾತು ಸಾಲುತ್ತಿರುವಾಗ ಕೇಳಬೇಕಾದ್ದು ಕೇವಲ ವೈದ್ಯರ ಪ್ರಶ್ನೆಯಲ್ಲ, ಧರ್ಮದ ಪ್ರಶ್ನೆ: ಮರೆತವನ ಹೊಣೆ ಎಲ್ಲಿಯವರೆಗೆ? ನನ್ನ ವಾದ ಇಷ್ಟು. ನಮ್ಮ ಮನೆಯ ಹಾಸ್ಯ ಈ ಹೊಣೆಯನ್ನು ತಲೆಕೆಳಗಾಗಿ ಹಂಚುತ್ತದೆ. ಆರೋಗ್ಯವಂತನಿಗೆ ರೋಗಿಯ ವಿನಾಯಿತಿ ಕೊಡುತ್ತದೆ, ರೋಗಿಯ ಮೇಲೆ ಆರೋಗ್ಯವಂತನಿಗೆ ಸಲ್ಲಬೇಕಾದ ತಪ್ಪು ಹೊರಿಸುತ್ತದೆ.

ಮೊದಲು ಹಾಸ್ಯದ ಬೆನ್ನಿಗಿರುವ ವಿಜ್ಞಾನವನ್ನು ನೋಡೋಣ, ಏಕೆಂದರೆ ಅದು ಪೂರ್ತಿ ಕಟ್ಟುಕಥೆಯಲ್ಲ. 1991ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ರೂಬೆನ್ ಗರ್ ಮತ್ತು ಸಂಗಡಿಗರು ಆರೋಗ್ಯವಂತ ಗಂಡಸರು, ಹೆಂಗಸರ ಎಂಆರ್‌ಐ ಚಿತ್ರಗಳನ್ನು ಹೋಲಿಸಿ, ವಯಸ್ಸಾದಂತೆ ಗಂಡಸರ ಮಿದುಳು ಹೆಚ್ಚು ಕುಗ್ಗುತ್ತದೆ, ಅದರಲ್ಲೂ ಎಡಭಾಗ, ಎಂದು ಬರೆದರು. 2025ರಲ್ಲಿ ಓಸ್ಲೋದ ಸಂಶೋಧಕರು ಹನ್ನೆರಡು ಸಾವಿರಕ್ಕೂ ಮೇಲ್ಪಟ್ಟ ಸ್ಕ್ಯಾನುಗಳನ್ನು ಪರಿಶೀಲಿಸಿ ಹೆಚ್ಚುಕಡಿಮೆ ಅದೇ ದಿಕ್ಕಿನ ಮಾತು ಹೇಳಿದರು. ಹಾಗಾದರೆ ಹೆಂಡತಿಯರು ಗೆದ್ದರೇ? ಇಲ್ಲ, ಅಲ್ಜೈಮರ್ ರೋಗಿಗಳಲ್ಲಿ ಹೆಂಗಸರೇ ಹೆಚ್ಚು. ಅಮೆರಿಕದ ಲೆಕ್ಕದಲ್ಲಿ ಮೂವರಲ್ಲಿ ಇಬ್ಬರು. ಕುಗ್ಗಿದ ಪ್ರಮಾಣವೇ ರೋಗವಾಗಿದ್ದರೆ ಈ ಲೆಕ್ಕ ತಿರುವುಮುರುವಾಗಬೇಕಿತ್ತು. ಮಿದುಳನ್ನು ತಕ್ಕಡಿಗೆ ಹಾಕಿ ತೀರ್ಪು ಕೊಡುವ ಚಟ ಇಂದಿನದೂ ಅಲ್ಲ. ನೂರೈವತ್ತು ವರ್ಷಗಳ ಹಿಂದೆ ಆ ತಕ್ಕಡಿ ಗಂಡಸರ ಕೈಯಲ್ಲಿತ್ತು, ಅಷ್ಟೆ. ಜರ್ಮನಿಯ ಅಂಗರಚನಾ ವಿಜ್ಞಾನಿ ಬಿಶೋಫ್ 1872ರಲ್ಲಿ ಹೆಂಗಸರು ವೈದ್ಯಶಾಸ್ತ್ರ ಓದಲು ಯೋಗ್ಯರಲ್ಲವೆಂದು ಪುಸ್ತಕ ಬರೆದ. ಅವರ ಮಿದುಳು ಹಗುರ ಎಂಬುದು ಅವನ ಮುಖ್ಯ ಆಧಾರಗಳಲ್ಲಿ ಒಂದು. ಅವನು ಸತ್ತ ಮೇಲೆ ಅವನದನ್ನೇ ತೂಗಿದಾಗ, ಹೆಂಗಸರ ಸರಾಸರಿ ಎಂದು ತಾನೇ ಕೊಟ್ಟಿದ್ದ ತೂಕಕ್ಕಿಂತ ಅದು ತುಸು ಕಡಿಮೆ ಬಂತೆಂಬುದು ವಿಜ್ಞಾನದ ಇತಿಹಾಸಕಾರರು ಚಪ್ಪರಿಸಿ ಹೇಳುವ ಕಥೆ. ಸಾಹಿತಿಗಳನ್ನೇ ತೂಗುವುದಾದರೆ, ತುರ್ಗೆನೇವ್‌ನ ಮಿದುಳು 2 ಕಿಲೋ ದಾಟಿತ್ತು, ಅನತೋಲ್ ಫ್ರಾನ್ಸ್‌ನದು 1 ಕಿಲೋಗೆ ಸ್ವಲ್ಪವೇ ಹೆಚ್ಚು. ನೊಬೆಲ್ ಬಂದದ್ದು ಎರಡನೆಯವನಿಗೆ.

ತೂಕಕ್ಕೂ ಮನುಷ್ಯನಿಗೂ ನಡುವೆ ಎಷ್ಟು ಅಂತರ ಇರಬಹುದೆಂಬುದಕ್ಕೆ ಇದಕ್ಕಿಂತ ಗಟ್ಟಿಯಾದ ಸಾಕ್ಷಿ ಒಂದು ಕ್ರೈಸ್ತ ಸಂನ್ಯಾಸಿನಿಯರ ಮಠದಿಂದ ಬಂದಿದೆ. ಡೇವಿಡ್ ಸ್ನೋಡನ್ ಎಂಬ ಸಂಶೋಧಕ 1986ರಲ್ಲಿ ಅಮೆರಿಕದ ನೋತ್ರ್ ದಾಮ್ ಶಾಲಾ ಸಹೋದರಿಯರ ಸಂಘದಲ್ಲಿ ಆರಂಭಿಸಿದ ಅಧ್ಯಯನಕ್ಕೆ 678 ಸಂನ್ಯಾಸಿನಿಯರು ಸತ್ತ ಮೇಲೆ ಮಿದುಳು ದಾನ ಮಾಡಲು ಒಪ್ಪಿದ್ದರು. ಅವರಲ್ಲಿ ಸಿಸ್ಟರ್ ಮೇರಿ ನೂರೊಂದು ದಾಟಿ ತೀರಿಕೊಂಡರು. ಕೊನೆಯ ವರೆಗೂ ನೆನಪಿನ ಪರೀಕ್ಷೆಗಳಲ್ಲಿ ಒಳ್ಳೆಯ ಅಂಕ ತೆಗೆದವರು. ಅವರ ಮಿದುಳು ತೂಗಿದ್ದು 870 ಗ್ರಾಂ. ಅದರ ತುಂಬ ಅಲ್ಜೈಮರ್‌ನ ಗಂಟುಗಳೂ ಕಲೆಗಳೂ ಇದ್ದವು. ಇನ್ನೊಂದು ತುದಿಯಲ್ಲಿ, ಕುಗ್ಗುವುದೇ ಒಳಿತಾಗುವ ಪ್ರಸಂಗಗಳೂ ಇವೆ. ಬಸುರಿಯ ಮಿದುಳಿನ ಬೂದುದ್ರವ್ಯ ಕಡಿಮೆಯಾಗುತ್ತದೆ, ಅದು ತಾಯಿ ಮಗುವಿನ ನಂಟಿಗೆ ಸಂಬಂಧಿಸಿದ್ದೆಂದು 2016ರ ಒಂದು ಅಧ್ಯಯನ ತೋರಿಸಿತು. ಗಂಡಸರೂ ಇದಕ್ಕೆ ಹೊರತಲ್ಲ: 2022ರಲ್ಲಿ ಸ್ಪೇನ್ ಮತ್ತು ಕ್ಯಾಲಿಫೋರ್ನಿಯಾದ ನಲವತ್ತು ಮಂದಿ ಚೊಚ್ಚಲ ತಂದೆಯರ ಮಿದುಳಿನ ಹೊರಪದರ ಮಗು ಹುಟ್ಟಿದ ಮೇಲೆ ಸ್ವಲ್ಪ ಕುಗ್ಗಿದ್ದು ಕಂಡುಬಂತು. ಹೆಚ್ಚು ಕುಗ್ಗಿದವರೇ ಮಗುವಿನ ಜೊತೆ ಹೆಚ್ಚು ಹೊತ್ತು ಕಳೆಯುವವರು, ನಿದ್ದೆಗೆಡುವವರೂ ಅವರೇ, ಎಂದು ಅದರ ಮುಂದಿನ ಅಧ್ಯಯನ ಹೇಳಿತು. ಮದುವೆಯಾದ ಗಂಡಿನ ಮಿದುಳು ಕುಗ್ಗುತ್ತದೆಂಬ ತಮಾಷೆಯಲ್ಲಿ ಒಂದು ಎಳೆ ನಿಜವಿದ್ದರೆ ಅದು ಇಲ್ಲಿದೆ. ತೊಟ್ಟಿಲು ತೂಗಿದವನ ಮಿದುಳು ಅದು, ಗ್ಯಾಸ್ ಬುಕ್ ಮಾಡಲು ಮರೆತವನದಲ್ಲ.

ಹಾಗಿದ್ದರೆ ಮರೆತವನಲ್ಲಿ ಕಡಿಮೆಯಾದದ್ದೇನು? ಇದಕ್ಕೆ ಉತ್ತರ ನ್ಯಾಯಸೂತ್ರದ ಮೂರನೆಯ ಅಧ್ಯಾಯದಲ್ಲಿದೆ. ನೆನಪು ಹುಟ್ಟಲು ಏನೇನು ಕಾರಣಗಳು ಎಂದು ಅದರ ಕರ್ತೃ ಗೌತಮ ಅಲ್ಲಿ ಉದ್ದನೆಯ ಪಟ್ಟಿ ಕೊಡುತ್ತಾನೆ. ಅಭ್ಯಾಸ, ಗುರುತು, ಹೋಲಿಕೆ, ಸುಖ, ದುಃಖ, ಭಯ ಎಲ್ಲವೂ ಅದರಲ್ಲಿವೆ. ಪಟ್ಟಿಯ ಮೊದಲ ಹೆಸರು ಪ್ರಣಿಧಾನ, ಅಂದರೆ ನೆನೆಯಬೇಕೆಂದು ಮನಸ್ಸನ್ನು ಅತ್ತ ತಿರುಗಿಸಿ ನಿಲ್ಲಿಸುವುದು. ಇಂದಿನ ಮನೋವಿಜ್ಞಾನವೂ ಇದನ್ನೇ ಹೇಳುತ್ತದೆ: ಗಮನವಿಡದ ಸಂಗತಿ ನೆನಪಿನ ಉಗ್ರಾಣಕ್ಕೆ ಹೋಗುವುದೇ ಇಲ್ಲ, ಹೋಗದ್ದನ್ನು ಕಳೆದುಕೊಳ್ಳುವುದಾದರೂ ಹೇಗೆ? ಮಗಳ ಸೆಕ್ಷನ್ ಮರೆತವನಿಗೆ ಚೀಟಿ ಹರಾಜಿನ ದಿನ, ಐಪಿಎಲ್ ಪಾಯಿಂಟ್ಸ್ ಟೇಬಲ್, ಆಫೀಸಿನಲ್ಲಿ ಯಾರ ಇನ್‌ಕ್ರಿಮೆಂಟ್ ಎಷ್ಟು ಎಂಬುದೆಲ್ಲ ಕರಾರುವಾಕ್ಕಾಗಿ ನೆನಪಿರುತ್ತದೆ. ಅವನ ಮಿದುಳಿನಲ್ಲಿ ಯಾವ ದೋಷವೂ ಇಲ್ಲ. ಮನೆಯ ನೆನಪನ್ನು ಹೆಂಡತಿಯ ತಲೆಯಲ್ಲಿಟ್ಟು ತಾನು ಹಗುರಾಗಿದ್ದಾನೆ. ಔಷಧಿಯ ಹೊತ್ತು, ನೆಂಟರ ಮದುವೆ, ಹಾಲಿನವನ ಬಾಕಿ, ಅವನ ತಾಯಿಯ ಶುಗರ್ ಟೆಸ್ಟ್, ಎಲ್ಲ ಅವಳ ಪಾಲು. ಹೀಗಿರುವಾಗ ‘ಗಂಡಸರ ಮಿದುಳೇ ಹಾಗೆ’ ಎನ್ನುವ ಹಾಸ್ಯ ಬೈಗುಳದ ವೇಷ ತೊಟ್ಟ ಕ್ಷಮಾಪತ್ರ. ಮಾಡದೆ ಬಿಟ್ಟ ಕೆಲಸವನ್ನು ಅದು ಹುಟ್ಟುಗುಣವೆಂದು ಬರೆದುಕೊಡುತ್ತದೆ. ಹುಟ್ಟುಗುಣಕ್ಕೆ ಯಾರನ್ನು ದೂರುವುದು? ಅದಕ್ಕೇ ಅವನು ಅಷ್ಟು ಧಾರಾಳವಾಗಿ ನಗುವುದು.

ಇದರ ಇನ್ನೊಂದು ಮಗ್ಗುಲು ಹೆಚ್ಚು ಕ್ರೂರವಾದದ್ದು. ಅಲ್ಜೈಮರ್ ಎಂಬ ಹೆಸರಿಗೆ ಕಾರಣವಾದ ರೋಗಿಯ ಕಥೆ ಆಸ್ಪತ್ರೆಯಲ್ಲಿ ಶುರುವಾದದ್ದಲ್ಲ, ಸಂಸಾರದಲ್ಲಿ. ಆಗುಸ್ತೆ ಡೇಟರ್ 1901ರ ನವೆಂಬರಿನಲ್ಲಿ ಫ್ರಾಂಕ್‌ಫರ್ಟ್‌ನ ಆಸ್ಪತ್ರೆಗೆ ಬಂದಾಗ ಆಕೆಗೆ ಐವತ್ತೊಂದು ವರ್ಷ. ವೈದ್ಯ ಅಲೋಯಿಸ್ ಅಲ್ಜೈಮರ್ ದಾಖಲಿಸಿದ ಮೊದಲ ಲಕ್ಷಣ ಮರೆವಲ್ಲ. ಗಂಡನ ಮೇಲೆ ಸಂಶಯ, ಮತ್ಸರ. ಆಕೆ 1906ರಲ್ಲಿ ತೀರಿಕೊಂಡ ಮೇಲೆ ನೋಡಿದಾಗ ಮಿದುಳು ಉದ್ದಕ್ಕೂ ಒಂದೇ ಸಮನೆ ಕುಗ್ಗಿತ್ತು. ಮೊದಲ ತಿಂಗಳುಗಳಲ್ಲಿ ಅದು ನೆರೆಹೊರೆಗೆ ರೋಗದಂತೆ ಕಂಡಿತೋ ಗಂಡ ಹೆಂಡಿರ ಜಗಳದಂತೆ ಕಂಡಿತೋ ಊಹಿಸುವುದು ಕಷ್ಟವಲ್ಲ. ಗಂಡಸರ ಪಾಲಿಗೆ ಇದಕ್ಕಿಂತಲೂ ಮೋಸದ ಕಾಯಿಲೆ ಮಿದುಳಿನ ಮುಂಭಾಗ ಮತ್ತು ಕಣತಲೆಯ ಬದಿಯ ಭಾಗ ಕುಗ್ಗುವ ಫ್ರಂಟೋಟೆಂಪೊರಲ್ ಡಿಮೆನ್ಷಿಯಾ. ಸಾಮಾನ್ಯವಾಗಿ ನಲವತ್ತೈದರಿಂದ ಅರವತ್ತೈದರ ನಡುವೆ ತಲೆದೋರುತ್ತದೆ. ಅದರಲ್ಲಿ ಬಹಳ ಮಂದಿಗೆ ನೆನಪು ಮೊದಮೊದಲು ಚೆನ್ನಾಗಿಯೇ ಇರುತ್ತದೆ. ಹೋಗುವುದು ಮರುಕ, ಮರ್ಯಾದೆ, ಆಸಕ್ತಿ. ಹೆಂಡತಿ ಜ್ವರದಿಂದ ಮಲಗಿದ್ದರೆ ಊಟ ಎಲ್ಲಿ ಎಂದು ಕೇಳುತ್ತಾನೆ. ಬೀಗರ ಎದುರು ಆಡಬಾರದ ಮಾತಾಡುತ್ತಾನೆ. ದುಡ್ಡು ಸಿಕ್ಕಸಿಕ್ಕಲ್ಲಿ ಸುರಿಯುತ್ತಾನೆ. ಕೆಟ್ಟ ಗಂಡನ ಪಟ್ಟಿಯಲ್ಲಿ ಬರುವ ಗುಣಗಳೇ ಎಲ್ಲ. ಮನೆಯವರು ವರ್ಷಗಟ್ಟಲೆ ಅದನ್ನು ಕೊಬ್ಬು ಎಂದೇ ತಿಳಿಯುತ್ತಾರೆ, ಕೆಲವರು ವಿಚ್ಛೇದನದ ವರೆಗೂ ಹೋಗುತ್ತಾರೆ. ಹೇಳಿದ್ದು ಕಿವಿಗೇ ಹಾಕಿಕೊಳ್ಳುವುದಿಲ್ಲ ಎಂಬ ದೂರನ್ನೇ ತೆಗೆದುಕೊಳ್ಳಿ. ಡಿಮೆನ್ಷಿಯಾಕ್ಕೆ ದಾರಿ ಮಾಡುವ, ಆದರೆ ತಡೆಯಬಹುದಾದ ಹದಿನಾಲ್ಕು ಕಾರಣಗಳಲ್ಲಿ ಕಿವುಡೂ ಒಂದು ಎಂದು 2024ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ ಆಯೋಗ ಪಟ್ಟಿ ಮಾಡಿದೆ. ಮರೆವು ತರುವ ಬಿ12 ಕೊರತೆ, ಥೈರಾಯ್ಡ್, ತಲೆಗೆ ಪೆಟ್ಟಾದ ವಾರಗಳ ಬಳಿಕ ಒಳಗೆ ಹೆಪ್ಪುಗಟ್ಟುವ ರಕ್ತ, ಇವಕ್ಕೆ ಚಿಕಿತ್ಸೆಯೇ ಇದೆ. ಕುಡಿತದಿಂದ ಕುಗ್ಗಿದ ಮಿದುಳು ಕುಡಿತ ಬಿಟ್ಟರೆ ಸ್ವಲ್ಪ ಮಟ್ಟಿಗೆ ಚೇತರಿಸಿಕೊಳ್ಳುತ್ತದೆ. ಅರಳುಮರಳು ಎಂದು ನಕ್ಕು ಕಳೆದ ಎರಡು ವರ್ಷ ಇಂಥವನಿಗೆ ಮತ್ತೆ ಸಿಗುವುದಿಲ್ಲ.

ಇದು ಬೆರಳೆಣಿಕೆಯ ಮನೆಗಳ ಸಂಕಟವಲ್ಲ. 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಅಧ್ಯಯನದ ಪ್ರಕಾರ ಭಾರತದಲ್ಲಿ ಅರವತ್ತು ದಾಟಿದವರಲ್ಲಿ ಶೇ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಷಿಯಾ ಇದೆ. ಪಟ್ಟಣಕ್ಕಿಂತ ಹಳ್ಳಿಯಲ್ಲಿ ಹೆಚ್ಚು. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗರನ್ನು ವರ್ಷ ವರ್ಷವೂ ಪರೀಕ್ಷಿಸುತ್ತ ಬಂದಿರುವುದು, ಮಾವಿನ ಸೀಮೆಯ ರೈತರ ಮಿದುಳು ಹೇಗೆ ಮುಪ್ಪಾಗುತ್ತದೆಂಬುದು ಯುರೋಪಿನ ಪುಸ್ತಕಗಳಿಂದ ತಿಳಿಯುವ ವಿಷಯವಲ್ಲ ಎಂಬ ಕಾರಣಕ್ಕೇ.

ಇಲ್ಲಿ ಒಂದು ಗಂಭೀರ ಆಕ್ಷೇಪ ಏಳುತ್ತದೆ. ಗಮನವೂ ಮಿದುಳಿನದೇ ಕೆಲಸ ತಾನೇ? ಸೋಮಾರಿಯ ಮಿದುಳೂ ರೋಗಿಯ ಮಿದುಳೂ ತಮ್ಮ ತಮ್ಮ ರಚನೆಯಂತೆ ನಡೆಯುತ್ತವೆ. ಒಬ್ಬನಿಗೆ ತಪ್ಪು, ಇನ್ನೊಬ್ಬನಿಗೆ ರೋಗ ಎಂದು ವಿಂಗಡಿಸಲು ನೀವು ಯಾರು? ಚಾರ್ವಾಕರಿಗೆ ಈ ವಾದ ಹಿಡಿಸುತ್ತಿತ್ತು, ಇಂದಿನ ಕೆಲವು ನರವಿಜ್ಞಾನಿಗಳಿಗೂ ಹಿಡಿಸುತ್ತದೆ. ಎರಡೂ ಮಿದುಳಿನಲ್ಲೇ ನಡೆಯುತ್ತವೆ ಎಂಬುದನ್ನು ಒಪ್ಪಿಬಿಡೋಣ. ಹಾಗೆಂದು ಎರಡೂ ಒಂದೇ ಆಗಬೇಕಿಲ್ಲ. ಇಂಗ್ಲೆಂಡಿನ ದಾರ್ಶನಿಕ ಪೀಟರ್ ಸ್ಟ್ರಾಸನ್ 1962ರ ಉಪನ್ಯಾಸವೊಂದರಲ್ಲಿ ತೋರಿಸಿದ ಹಾದಿ ಇಲ್ಲಿ ಉಪಯೋಗಕ್ಕೆ ಬರುತ್ತದೆ. ನಾವು ಒಬ್ಬರ ಮೇಲೊಬ್ಬರು ಸಿಟ್ಟಾಗುತ್ತೇವೆ, ಉಪಕಾರ ನೆನೆಯುತ್ತೇವೆ, ಕ್ಷಮಿಸುತ್ತೇವೆ. ಎದುರಿನವನು ಕಾರಣಗಳಿಗೆ ಓಗೊಡಬಲ್ಲ ಎಂಬ ನಂಬಿಕೆ ಇವೆಲ್ಲದರ ತಳದಲ್ಲಿದೆ. ಆ ನಂಬಿಕೆ ಹೋದಾಗ ಅವನನ್ನು ಆರೈಕೆ ಮಾಡುತ್ತೇವೆ, ಸಂಭಾಳಿಸುತ್ತೇವೆ, ಆದರೆ ಮುನಿಸಿಕೊಳ್ಳುವುದಿಲ್ಲ. ಈ ಅಳತೆಗೋಲು ಮನೆಯಲ್ಲೇ ಸಿಗುವಂಥದು. ನಾಳೆಯಿಂದ ಮಗಳ ಪೇರೆಂಟ್ಸ್ ಮೀಟಿಂಗಿಗೆ ನೀವೇ ಹೋಗಬೇಕು ಎಂದು ಖಡಾಖಂಡಿತವಾಗಿ ಹೇಳಿದರೆ ಉದಾಸೀನನಿಗೆ ಒಂದೆರಡು ತಿಂಗಳಲ್ಲಿ ಸೆಕ್ಷನ್ ಮಾತ್ರವಲ್ಲ, ಕ್ಲಾಸ್ ಟೀಚರ ಹೆಸರೂ ಬರುತ್ತದೆ. ಮಾತು ತಟ್ಟಿ ಬದಲಾದದ್ದು ಹೊಣೆಯ ವ್ಯಾಪ್ತಿಯೊಳಗಿತ್ತು ಎಂದರ್ಥ. ರೋಗಿಗೆ ನೂರು ಸಲ ಹೇಳಿದರೂ ಅದು ನೂರೊಂದನೆಯ ಸಲಕ್ಕೆ ಹೊಸತೇ. ರೋಗದ ಮರೆವು ಇಷ್ಟಾನಿಷ್ಟ ನೋಡಿ ಬರುವುದೂ ಇಲ್ಲ: ಮೂವತ್ತು ವರ್ಷ ಅಂಗಡಿಯ ಲೆಕ್ಕ ಬಾಯಲ್ಲೇ ಮಾಡಿದವನು ಚಿಲ್ಲರೆ ಕೊಡುವಾಗ ತಡವರಿಸಿದರೆ, ನಿತ್ಯ ಹೋಗುವ ದೇವಸ್ಥಾನದಿಂದ ಮನೆಗೆ ಬರುವ ದಾರಿ ತಪ್ಪಿದರೆ, ಅದು ಅವನು ಪ್ರೀತಿಸಿದ್ದನ್ನೇ ಕಿತ್ತುಕೊಳ್ಳುತ್ತಿದೆ. ನಡುವೆ ಮಬ್ಬಾದ ಒಂದು ಕಾಲವಿದೆ, ನಿಜ. ಅಲ್ಲಿ ರೋಗವೂ ಹಳೆಯ ಸ್ವಭಾವವೂ ಕಲಸಿಕೊಂಡಿರುತ್ತವೆ, ನರರೋಗ ತಜ್ಞರಿಗೂ ಬಿಡಿಸುವುದು ಸುಲಭವಲ್ಲ. ಆ ಕಾಲದಲ್ಲಿ ಬೈಗುಳ ಕಾಯಬಹುದು, ಪರೀಕ್ಷೆ ಕಾಯಲಾರದು.

‘ಇಷ್ಟಕ್ಕೆಲ್ಲ ಇಷ್ಟು ತರ್ಕ ಬೇಕೇ, ನಗದೆ ಸಂಸಾರ ಸಾಗುತ್ತದೆಯೇ?’ ಎಂದು ಕೇಳುವವರಿದ್ದಾರೆ. ನಗೆ ಬೇಕು, ಸಂಶಯವೇ ಇಲ್ಲ. ದುಡಿದು ದಣಿದ ಹೆಂಗಸು ತನ್ನ ಸಿಟ್ಟನ್ನು ಹಾಸ್ಯವಾಗಿ ತಿರುಗಿಸಿ ಆಡಿದರೆ ಅದರಲ್ಲಿ ಜಾಣ್ಮೆಯಿದೆ. ಹೊಣೆಗೇಡಿಗೆ ನೇರವಾಗಿ ಹೇಳಲು ಅವಕಾಶವಿಲ್ಲದ ಮನೆಯಲ್ಲಿ ಅದೊಂದೇ ಅವಳಿಗಿರುವ ಬಾಯಿ. ಜೊತೆಗೆ, ಗಂಡನನ್ನು ಗೇಲಿ ಮಾಡುವವಳು ಇನ್ನೂ ಅವನಿಂದ ಏನನ್ನೋ ನಿರೀಕ್ಷಿಸುತ್ತಿದ್ದಾಳೆ, ಅವನನ್ನು ಇನ್ನೂ ಲೆಕ್ಕಕ್ಕೆ ಹಿಡಿದಿದ್ದಾಳೆ. ನಾನು ತಕರಾರು ತೆಗೆಯುತ್ತಿರುವುದು ಗುರಿಯ ಬಗ್ಗೆ. ಮಾಡದ ಕೆಲಸವನ್ನು ಗೇಲಿ ಮಾಡಿದರೆ ಅವನು ಮಾಡಬೇಕಾಗುತ್ತದೆ. ಮಿದುಳನ್ನು ಗೇಲಿ ಮಾಡಿದರೆ ಅವನೂ ಸೇರಿ ನಗಬಹುದು.

ಇನ್ನು ಧರ್ಮದ ಹೆಸರಿನಲ್ಲಿ ಬರುವ ಮಾತುಗಳು. ಬುದ್ಧಿ ಕೆಟ್ಟ ಮುದುಕನ ಮನೆಗೆ ಬಂದುಹೋಗುವವರಲ್ಲಿ ಒಬ್ಬರಾದರೂ ಪೂರ್ವಜನ್ಮದ ಕರ್ಮದ ಮಾತೆತ್ತುತ್ತಾರೆ. ಇನ್ನು ಕೆಲವರು ಗೀತೆಯ ಎರಡನೆಯ ಅಧ್ಯಾಯ ತೋರಿಸಿ, ಕಾಮದಿಂದ ಕ್ರೋಧ, ಕ್ರೋಧದಿಂದ ಮೋಹ, ಮೋಹದಿಂದ ಸ್ಮೃತಿಭ್ರಂಶ, ಅದರಿಂದ ಬುದ್ಧಿನಾಶ ಎಂದು ಸರಪಳಿ ಜೋಡಿಸುತ್ತಾರೆ. ಮುದುಕ ಹಿಂದೆ ಮುಂಗೋಪಿಯಾಗಿದ್ದರಂತೂ ಲೆಕ್ಕ ಸರಿಹೋಯಿತು. ಆದರೆ ಆ ಸರಪಳಿ ಎಲ್ಲಿಂದ ಆರಂಭವಾಗುತ್ತದೆ ನೋಡಿ: ವಿಷಯಗಳನ್ನು ಮನಸಾರೆ ಧ್ಯಾನಿಸುವುದರಿಂದ. ಅದು ಆರೋಗ್ಯವಂತನ ಪತನದ ಕಥೆ, ಪ್ರತಿ ಮೆಟ್ಟಿಲಲ್ಲೂ ಅವನು ನಿಲ್ಲಬಹುದಿತ್ತು. ಅಲ್ಜೈಮರ್‌ನಲ್ಲಿ ಸಾಮಾನ್ಯವಾಗಿ ಮೊದಲು ಸಾಯುವುದು ನೆನಪನ್ನು ಕೂಡಿಡುವ ಹಿಪೊಕ್ಯಾಂಪಸ್ ಮತ್ತು ಅದರ ಸುತ್ತಲಿನ ಜೀವಕೋಶಗಳು. ಸಿಟ್ಟು, ಮೋಹ, ಸಂಶಯ ಆ ಸಾವಿನ ಬೆನ್ನಿಗೆ ಬರುತ್ತವೆ. ಇಲ್ಲಿ ಸರಪಳಿ ತಿರುವುಮುರುವಾಗಿದೆ. ಅದೇ ಗೀತೆಯ ಹದಿನೈದನೆಯ ಅಧ್ಯಾಯದಲ್ಲಿ ನೆನಪೂ ಅರಿವೂ ಅವುಗಳ ಲೋಪವೂ ತನ್ನಿಂದಲೇ ಎಂದು ಕೃಷ್ಣ ಹೇಳುತ್ತಾನೆಂಬುದು ಕರ್ಮದ ಲೆಕ್ಕಿಗರಿಗೆ ಯಾಕೋ ಜ್ಞಾಪಕಕ್ಕೆ ಬರುವುದಿಲ್ಲ. ಶಾಸ್ತ್ರಗಳು ಈ ವಿಷಯದಲ್ಲಿ ನೆಂಟರಿಗಿಂತ ಉದಾರ. ಮೀಮಾಂಸಕರು ಅಧಿಕಾರದ, ಅಂದರೆ ಅರ್ಹತೆಯ, ಚರ್ಚೆಯಲ್ಲಿ ಸಾಮರ್ಥ್ಯವಿದ್ದವನಿಗೇ ವಿಧಿ ಎಂದರು. ನಿದ್ರಿಸುವವನು, ಮಗು, ಬುದ್ಧಿ ತಪ್ಪಿದವನು, ಈ ಮೂವರ ಲೆಕ್ಕ ಬರೆಯುವ ಲೇಖನಿ ಎತ್ತಲ್ಪಟ್ಟಿದೆ ಎಂಬ ಮಾತು ಇಸ್ಲಾಮಿನ ಪರಂಪರೆಯಲ್ಲಿದೆ. ಹಳೆಯ ದಂಡಸಂಹಿತೆಯ 84ನೆಯ ಸೆಕ್ಷನ್, ಈಗಿನ ಭಾರತೀಯ ನ್ಯಾಯ ಸಂಹಿತೆಯ 22ನೆಯದು, ಮಾಡುತ್ತಿರುವುದೇನೆಂದು ಅರಿಯಲಾರದಷ್ಟು ಚಿತ್ತ ಕೆಟ್ಟವನ ಕೃತ್ಯ ಅಪರಾಧವಲ್ಲ ಎನ್ನುತ್ತದೆ.

ಆದರೆ ವಿನಾಯಿತಿಯ ಮಗ್ಗುಲಲ್ಲೇ ಇನ್ನೊಂದು ಅಪಾಯ ಕಾದಿರುತ್ತದೆ. ಹೊಣೆಯಿಲ್ಲದವನು ವ್ಯಕ್ತಿಯೂ ಅಲ್ಲ ಎಂದು ಮನಸ್ಸು ಜಾರಲು ಹೆಚ್ಚು ಹೊತ್ತು ಬೇಡ. ‘ನಮ್ಮಪ್ಪ ಯಾವಾಗಲೋ ಹೋಗಿಬಿಟ್ಟರು, ಉಳಿದಿರುವುದು ದೇಹ ಮಾತ್ರ’ ಎಂಬ ಮಾತು ದುಃಖದಿಂದ ಬಂದದ್ದೇ ಆದರೂ, ಅದರ ಹಿಂದೆ ನೆನಪಿನ ಸರಣಿಯೇ ವ್ಯಕ್ತಿ ಎಂಬ ಸಿದ್ಧಾಂತವಿದೆ. ಇಂಗ್ಲೆಂಡಿನ ದಾರ್ಶನಿಕ ಜಾನ್ ಲಾಕ್ ಅದನ್ನು ಹದಿನೇಳನೆಯ ಶತಮಾನದ ಕೊನೆಯಲ್ಲಿ ಮಂಡಿಸಿದ. ಅದಕ್ಕೂ ಬಹಳ ಮೊದಲೇ ಶಂಕರರು ಬ್ರಹ್ಮಸೂತ್ರ ಭಾಷ್ಯದ ಮೂರನೆಯ ಅಧ್ಯಾಯದಲ್ಲಿ, ದೇಹವಿದ್ದಾಗ ಅರಿವು ಇರುವುದರಿಂದ ಅರಿವು ದೇಹದ್ದೇ ಗುಣ ಎನ್ನುವ ಲೋಕಾಯತಿಕನಿಗೆ, ಅಂದರೆ ಚಾರ್ವಾಕನಿಗೆ, ಉತ್ತರ ಕೊಟ್ಟಿದ್ದರು: ದೀಪವಿದ್ದರೆ ಕಾಣುತ್ತದೆ, ಇಲ್ಲದಿದ್ದರೆ ಕಾಣುವುದಿಲ್ಲ, ಹಾಗೆಂದು ನೋಟ ದೀಪದ ಗುಣವಾಗುವುದಿಲ್ಲ. ಈ ಉತ್ತರದಿಂದ ಆತ್ಮ ಸಾಬೀತಾಯಿತೆಂದು ನಾನು ಹೇಳಲಾರೆ. ಉಪಕರಣ ಕೆಟ್ಟದ್ದನ್ನೇ ಒಡೆಯ ಹೋದದ್ದಕ್ಕೆ ಪುರಾವೆ ಮಾಡಬೇಡಿ ಎಂಬಷ್ಟು ಎಚ್ಚರಿಕೆ ಅದರಲ್ಲಿದೆ, ನನಗೆ ಅಷ್ಟು ಸಾಕು. ಆತ್ಮವನ್ನು ನಂಬದವರಿಗೆ ಬೇರೆ ಸಾಕ್ಷಿಯೇ ಇದೆ. 2014ರಲ್ಲಿ ಅಯೋವಾ ವಿಶ್ವವಿದ್ಯಾಲಯದ ಸಂಶೋಧಕರು ಅಲ್ಜೈಮರ್ ರೋಗಿಗಳಿಗೆ ದುಃಖದ ಮತ್ತು ಸಂತೋಷದ ಸಿನಿಮಾ ತುಣುಕುಗಳನ್ನು ತೋರಿಸಿದರು. ಸ್ವಲ್ಪ ಹೊತ್ತಿನಲ್ಲೇ ಏನು ನೋಡಿದೆವೆಂಬುದು ಅವರಿಗೆ ಮರೆತಿತ್ತು; ನೋಡಿದ್ದು ಎಬ್ಬಿಸಿದ ದುಃಖ, ಸಂತೋಷ ಮಾತ್ರ ಉಳಿದಿತ್ತು. ‘ಎಷ್ಟು ಸಲ ಹೇಳೋದು ನಿಮಗೆ!’ ಎಂದು ಗದರಿದ ಮಾತು ಅವನಿಗೆ ಮರೆಯುತ್ತದೆ, ಗದರಿಸಿಕೊಂಡ ನೋವು ಮರೆಯುವುದಿಲ್ಲ. ತಿದ್ದಿಕೊಳ್ಳಲಾರದವನನ್ನು ನೋಯಿಸಲು ಮಾತ್ರ ಸಾಧ್ಯವಿದೆ ಎಂದ ಮೇಲೆ ಹೊಣೆ ಎಲ್ಲಿಗೂ ಹೋಗಿಲ್ಲ. ಗದರುವವರ ಕಡೆಗೆ ದಾಟಿದೆ.

ಹೀಗೆ ದಾಟಿಸಿಬಿಟ್ಟರೆ ಹೆಚ್ಚಿನ ಮನೆಗಳಲ್ಲಿ ಅದು ಹೋಗಿ ಬೀಳುವುದು ಹೆಂಡತಿಯ ಅಥವಾ ಸೊಸೆಯ ತಲೆಯ ಮೇಲೆ. ನನ್ನ ವಾದಕ್ಕೆ ಬರಬಹುದಾದ ಅತ್ಯಂತ ಕಠಿಣ ಪ್ರಶ್ನೆಯೂ ಇದೇ. ನಲವತ್ತು ವರ್ಷ ಗಮನ ಕೊಡದೆ ಬದುಕಿದವನು ಈಗ ಗಮನ ಕೊಡಲಾರದವನಾಗಿದ್ದಾನೆ. ಹೆಂಡತಿಗೆ ಸಲ್ಲಬೇಕಾದ ಒಂದು ಕ್ಷಮೆಯಾಚನೆ ಇತ್ತು. ಕೇಳಬೇಕಾದವನಿಗೆ ತಪ್ಪೇ ನೆನಪಿಲ್ಲ. ಕ್ಷಮಿಸಿಬಿಡಿ ಅಮ್ಮ, ಅವರಿಗೆ ಏನೂ ತಿಳಿಯುವುದಿಲ್ಲ ಎಂದು ಹೇಳುವವರು ಎರಡು ಬೇರೆ ಬೇರೆ ಕಾಲಗಳನ್ನು ಒಂದು ಮಾಡುತ್ತಾರೆ. ರೋಗ ಬಂದಂದಿನಿಂದ ಅವನು ಮಾಡಿದ್ದಕ್ಕೆ ಕ್ಷಮೆಯ ಅಗತ್ಯವೇ ಇಲ್ಲ, ಅದರಲ್ಲಿ ಅಪರಾಧವೇ ಇರಲಿಲ್ಲ. ಅದಕ್ಕೆ ಹಿಂದಿನದರ ಬಾಕಿ ಹಾಗೇ ಇದೆ, ಸ್ಕ್ಯಾನ್ ರಿಪೋರ್ಟ್ ಅದನ್ನು ಮನ್ನಾ ಮಾಡುವುದಿಲ್ಲ. ಅವಳು ಆ ಸಿಟ್ಟನ್ನು ಇಟ್ಟುಕೊಂಡೇ ಅವನಿಗೆ ಅನ್ನ ಕಲಸಿ ತಿನ್ನಿಸಬಹುದು, ಅದರಲ್ಲಿ ಅಧರ್ಮವೇನೂ ಇಲ್ಲ. ತಂದೆಯ ಸಾಲ ತೀರಿಸುವುದು ಮಗನ ಧಾರ್ಮಿಕ ಕರ್ತವ್ಯ ಎಂಬ ಹಳೆಯ ಕಟ್ಟಳೆಯ ಮೇಲೆ ಮಕ್ಕಳಿಂದ ವಸೂಲಿ ಮಾಡುವುದನ್ನು ಹಿಂದೂ ಉತ್ತರಾಧಿಕಾರ ಕಾಯಿದೆಯ 2005ರ ತಿದ್ದುಪಡಿ ತೆಗೆದುಹಾಕಿತು. ಹಣದ ಸಾಲಕ್ಕೆ ಅದು ನ್ಯಾಯವೇ ಇರಬಹುದು. ಆದರೆ ಅಪ್ಪನ ಮಿದುಳಿನ ಬಗ್ಗೆ ಊಟದ ಹೊತ್ತಿಗೆ ನಗುತ್ತ ಬೆಳೆದ ಗಂಡುಮಕ್ಕಳು, ಅಮ್ಮ ಎಲ್ಲರ ನೆನಪನ್ನೂ ಒಬ್ಬಳೇ ಹೊತ್ತಿದ್ದ ಕಾಲದಲ್ಲಿ ಆ ಅನುಕೂಲದ ಪಾಲುದಾರರೂ ಆಗಿದ್ದರು. ಈಗ ಅಪ್ಪ ರಾತ್ರಿ ಎರಡಕ್ಕೆ ಎದ್ದು ಮುಂಬಾಗಿಲ ಚಿಲಕ ತೆಗೆಯುವಾಗ ಎದ್ದು ಹೋಗಿ ಕೈ ಹಿಡಿದು ಕರೆತರುವ ಸರದಿ ವಾರದಲ್ಲಿ ಎಷ್ಟು ದಿನ ಯಾರದು ಎಂಬುದನ್ನು ಅವರು ಅಮ್ಮ ಕೇಳುವ ಮೊದಲೇ ಹೇಳಬೇಕು, ಮತ್ತು ಹೇಳಿದ್ದನ್ನು ಮರೆಯಬಾರದು. ಅವರ ಮಿದುಳಿಗೆ ಇನ್ನೂ ಏನೂ ಆಗಿಲ್ಲ.